ಕುಲುಕಾಟ ನಮ್ಮ ಹಣೆಬರಹವಲ್ಲ

ಬೆಂಗಳೂರಿನ ಜೆ.ಸಿ. ರಸ್ತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಟ್ರ್ಯಾಕ್ಟರಿನದ್ದೋ ಟೆಂಪೋದ್ದೋ ಸಾಮಾನು ಊರಿನಲ್ಲಿ ಸಿಗದಿದ್ದರೆ ಕೊನೆಗೆ ಹುಡುಕಿಕೊಂಡು ಬರುವುದು ಅಲ್ಲಿಗೇ. ಮಿನರ್ವ ಸರ್ಕಲ್‌ನಿಂದ ಟೌನ್‌ಹಾಲ್ ಕಡೆ ನಡೆದರೆ ಸಾಲುಸಾಲು ಅಂಗಡಿ. ಬೇರಿಂಗು, ಬ್ರೇಕ್ ಲೈನರ್, ಬುಷ್ಷು, ಶಾಕ್ ಅಬ್ಸಾರ್ಬರ್, ಎಲ್ಲವೂ ಸಿಗುತ್ತದೆ. ದಕ್ಷಿಣಕ್ಕೆ ವಿ.ವಿ. ಪುರ, ಬಸವನಗುಡಿ. ಪಶ್ಚಿಮಕ್ಕೆ ಕಲಾಸಿಪಾಳ್ಯದ ಬಸ್ ನಿಲ್ದಾಣ, ಅದರಾಚೆ ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆ, ಅದನ್ನೂ ದಾಟಿದರೆ ಚಾಮರಾಜಪೇಟೆ.

ಮೊನ್ನೆ ನಾವಿಬ್ಬರು ಅಲ್ಲೊಂದು ಗ್ಯಾರೇಜಿನ ಮುಂದೆ ನಿಂತಿದ್ದೆವು. ಒಂದು ಬಿಳಿ ಟೆಂಪೋ ಟ್ರಾವೆಲರ್ ಬಂತು. ಹೊರಗಿನಿಂದ ನೋಡಿದರೆ ಮದುವೆ ದಿಬ್ಬಣದ ಗಾಡಿ. ಬಾಗಿಲು ತೆರೆದರೆ ಒಳಗೆ ಮಂಚ, ಒಲೆ, ಸಿಂಕು, ಫ್ರಿಜ್ಜು, ನೀರಿನ ಟ್ಯಾಂಕು. ಚಕ್ರದ ಮೇಲೊಂದು ಮನೆ. ಮಾಲೀಕರು ಬಸವನಗುಡಿಯವರು, ರಿಟೈರ್ ಆದ ಮೇಲೆ ಹೆಂಡತಿ ಜೊತೆ ಊರೂರು ಸುತ್ತುವ ಆಸೆಯಿಂದ ಮಾಡಿಸಿದ್ದು. "ಹಂಪ್ ಬಂದ್ರೆ ಪಾತ್ರೆ ಎಲ್ಲಾ ಕೆಳಗೆ ಬೀಳುತ್ತೆ. ತಿರುವಿನಲ್ಲಿ ಓಲಾಡುತ್ತೆ. ನಮ್ಮ ಮನೆಯವರಿಗೆ ಸೊಂಟ ಹಿಡ್ಕೊಂಡಿದೆ. ಖರ್ಚಾದ್ರೂ ಪರವಾಗಿಲ್ಲ, ಸರಿ ಮಾಡ್ಕೊಡಿ" ಅಂದರು.

ಅವರು ಮಾತಾಡುತ್ತಿರುವಾಗಲೇ ಸೈರನ್ ಹಾಕಿಕೊಂಡು ಒಂದು ಆಂಬುಲೆನ್ಸ್ ಆಸ್ಪತ್ರೆ ಕಡೆಗೆ ಹೋಯಿತು. ಅದೂ ಟೆಂಪೋ ಟ್ರಾವೆಲರೇ. ಮಂಚ ಇರುವ ಜಾಗದಲ್ಲಿ ಸ್ಟ್ರೆಚರ್ ಇತ್ತು, ಅಷ್ಟೇ ವ್ಯತ್ಯಾಸ. ರಸ್ತೆಯ ಗುಂಡಿಗೆ ಅದರ ಹಿಂಭಾಗ ಧಡ್ ಎಂದು ಎದ್ದು ಬಿದ್ದಿದ್ದನ್ನು ನಾವಿಬ್ಬರೂ ನೋಡಿದೆವು.

ಪಾತ್ರೆ ಬೀಳುತ್ತದೆ ಎಂದು ದೂರು ಕೊಡುವವರು ಇದ್ದಾರೆ. ಸ್ಟ್ರೆಚರ್ ಮೇಲೆ ಮಲಗಿದವರ ಪರವಾಗಿ ಗ್ಯಾರೇಜಿಗೆ ಬಂದು "ಸರಿ ಮಾಡ್ಕೊಡಿ" ಎನ್ನುವವರು ಯಾರು?

ಆ ಮಾಲೀಕರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ನಮಗೆ ಸಿಟ್ಟಿರುವುದು ನಮ್ಮ ಮೇಲೆಯೇ. ಕುಲುಕಾಟ ಹಳ್ಳಿಯವರ ಪಾಲಿಗೆ ಬರೆದಿಟ್ಟದ್ದು ಎಂದು ನಾವು ಒಪ್ಪಿಕೊಂಡು ಕೂತಿದ್ದೇವೆ. ಅದು ಸುಳ್ಳು. ಗಾಡಿ ಎಷ್ಟು ಕುಲುಕಬೇಕು ಎಂಬುದನ್ನು ಯಾರೋ ಒಬ್ಬರು ಕೂತು ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನವನ್ನು ಬದಲಾಯಿಸಬಹುದು.

ನಮ್ಮೂರ ಮೋಟಾರ್ ಮನೆ

ಮೋಟಾರ್ ಮನೆ ಎಂದರೆ ಶ್ರೀಮಂತರ ಸೋಜಿಗ ಎಂದುಕೊಳ್ಳಬೇಡಿ. ಶಬರಿಮಲೆಗೆ, ಧರ್ಮಸ್ಥಳಕ್ಕೆ, ತಿರುಪತಿಗೆ ಊರಿನಿಂದ ಹೊರಡುವ ಗಾಡಿಯನ್ನು ನೆನಪು ಮಾಡಿಕೊಳ್ಳಿ. ಮೇಲೆ ಕ್ಯಾರಿಯರ್‌ನಲ್ಲಿ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಅಂಡೆ, ಕೊಳದಪ್ಪಲೆ, ಜಮಖಾನ. ಹಿಂದೆ ನೀರಿನ ಕ್ಯಾನು. ಒಳಗೆ ಸೀಟಿಗಿಂತ ಹೆಚ್ಚು ಜನ. ಅದೂ ಚಕ್ರದ ಮೇಲಿನ ಮನೆಯೇ. ವ್ಯತ್ಯಾಸ ಇಷ್ಟೇ: ಬಸವನಗುಡಿಯವರ ಗಾಡಿಯಲ್ಲಿ ಇಬ್ಬರು, ನಮ್ಮದರಲ್ಲಿ ಇಪ್ಪತ್ತು ಜನ.

ಈ ಎರಡೂ ಗಾಡಿಗಳ ಕಾಯಿಲೆ ಒಂದೇ. ಭಾರ ಜಾಸ್ತಿ, ಅದರಲ್ಲೂ ಎತ್ತರದಲ್ಲಿ ಮತ್ತು ಹಿಂಭಾಗದಲ್ಲಿ ಜಾಸ್ತಿ. ನೂರು ಲೀಟರ್ ನೀರು ಎಂದರೆ ನೂರು ಕೆಜಿ. ಅದನ್ನು ಹಿಂದಿನ ಚಕ್ರಕ್ಕಿಂತ ಹಿಂದೆ ಇಟ್ಟರೆ ಹಿಂಭಾಗ ಕುಸಿಯುತ್ತದೆ, ಮುಂಭಾಗ ಹಗುರವಾಗುತ್ತದೆ, ಸ್ಟೇರಿಂಗ್ ತೇಲಿದಂತಾಗುತ್ತದೆ. ಮೇಲೆ ಕಟ್ಟಿದರೆ ತಿರುವಿನಲ್ಲಿ ವಾಲುತ್ತದೆ. ಘಾಟಿಯಲ್ಲಿ ಗಾಡಿ ಮಗುಚಿದ ಸುದ್ದಿ ಓದಿದಾಗಲೆಲ್ಲ ನಾವು ಡ್ರೈವರ್ ನಿದ್ದೆಯ ಬಗ್ಗೆ ಮಾತಾಡುತ್ತೇವೆ. ಕ್ಯಾರಿಯರ್ ಮೇಲಿದ್ದ ಭಾರದ ಬಗ್ಗೆ ಯಾರೂ ಕೇಳುವುದಿಲ್ಲ.

"ಇನ್ನೆರಡು ಪ್ಲೇಟ್ ಹಾಕ್ಸಿ" ಎಂಬ ಮದ್ದು

ಗ್ಯಾರೇಜಿನಲ್ಲಿ ಆವತ್ತು ಮೊದಲು ಬಂದ ಸಲಹೆ ನೀವು ಊಹಿಸಿದ್ದೇ. "ಎರಡು ಪ್ಲೇಟ್ ಜಾಸ್ತಿ ಹಾಕ್ಸಿ ಸಾರ್, ಗಟ್ಟಿಯಾಗುತ್ತೆ."

ಪ್ಲೇಟು ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಗಾಡಿಯ ಅಚ್ಚಿನ ಮೇಲೆ ಒಂದರ ಮೇಲೊಂದು ಕೂರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಹಳೆಯದಾಗಿ ಮುರಿದ ಮೇಲೆ ಊರ ಕುಲುಮೆಯಲ್ಲಿ ಕಾಸಿ ಬಡಿದು ಮಚ್ಚು ಮಾಡುತ್ತಾರಲ್ಲ, ಅದೇ ಲಾರಿ ಪ್ಲೇಟು. ಅದರ ಕೆಲಸ ಬಾಗುವುದು, ಮತ್ತೆ ಮೊದಲಿನಂತಾಗುವುದು. ಬಾಗಿದರೆ ಮಾತ್ರ ಅದು ಗುಂಡಿಯ ಏಟನ್ನು ತಾನು ತಿನ್ನುತ್ತದೆ. ಬಾಗದಿದ್ದರೆ ಆ ಏಟು ಸೀಟಿಗೆ ಹೋಗುತ್ತದೆ, ಸೀಟಿನಿಂದ ನಿಮ್ಮ ಬೆನ್ನುಮೂಳೆಗೆ.

ಐದು ಪ್ಲೇಟಿಗೆ ಅದೇ ಅಳತೆಯ ಇನ್ನೊಂದು ಸೇರಿಸಿದರೆ ಸ್ಪ್ರಿಂಗು ಸುಮಾರು ಶೇಕಡಾ 20ರಷ್ಟು ಬಿಗಿಯಾಗುತ್ತದೆ. ದಪ್ಪದ ಲೆಕ್ಕ ಇನ್ನೂ ಕಠಿಣ. ಪ್ಲೇಟಿನ ದಪ್ಪ 10 ಮಿಲಿಮೀಟರ್ ಇದ್ದದ್ದು 12 ಆದರೆ ಬಿಗಿ ಶೇಕಡಾ 70ಕ್ಕಿಂತ ಹೆಚ್ಚಾಗುತ್ತದೆ, ಏಕೆಂದರೆ ದಪ್ಪ ದುಪ್ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. "ಸ್ವಲ್ಪ ದಪ್ಪದ್ದು ಹಾಕಿದೀನಿ" ಎಂಬ ಮಾತಿನ ಬೆಲೆ ಅಷ್ಟು.

ಇನ್ನೊಂದು ಲೆಕ್ಕ ಕೇಳಿ. ಭಾರ ಕೂತಾಗ ಸ್ಪ್ರಿಂಗು 25 ಸೆಂಟಿಮೀಟರ್ ಕೆಳಗಿಳಿಯುವಂತಿದ್ದರೆ ಗಾಡಿ ಸೆಕೆಂಡಿಗೆ ಒಂದು ಸಲ ತೂಗುತ್ತದೆ. 16 ಸೆಂಟಿಮೀಟರ್ ಇಳಿದರೆ ಒಂದೂಕಾಲು ಸಲ. ಬರೀ 4 ಸೆಂಟಿಮೀಟರ್ ಇಳಿದರೆ ಎರಡೂವರೆ ಸಲ. ಸೆಕೆಂಡಿಗೆ ಒಂದು, ಒಂದೂವರೆ ಸಲ ಎಂದರೆ ಹೆಚ್ಚುಕಡಿಮೆ ನಾವು ನಡೆಯುವ ಹದ, ದೇಹಕ್ಕೆ ಒಗ್ಗುತ್ತದೆ. ಮೇಲೆಕೆಳಗಿನ ಅದುರು ಸೆಕೆಂಡಿಗೆ 4ರಿಂದ 8 ಸಲದ ಹತ್ತಿರ ಬಂದರೆ ಹೊಟ್ಟೆ, ಬೆನ್ನುಗಳಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ. ಪ್ಲೇಟಿನ ಮೇಲೆ ಪ್ಲೇಟು ಪೇರಿಸುತ್ತಾ ಹೋದರೆ ಗಾಡಿಯನ್ನು ಆ ಕಡೆಗೇ ತಳ್ಳುತ್ತಾ ಹೋಗುತ್ತೇವೆ.

ಅಂದಮೇಲೆ "ಗಟ್ಟಿ" ಗಾಡಿ ಒಳ್ಳೆಯ ಗಾಡಿ ಎಂಬ ಮಾತನ್ನು ಊರಿನಲ್ಲಿ ಇನ್ನು ಮೇಲೆ ಆಡುವುದು ಬೇಡ. ಹೆಚ್ಚಿಗೆ ಹಾಕಿದ ಪ್ಲೇಟು ಗಾಡಿಯ ಬ್ರೇಕನ್ನು ದೊಡ್ಡದು ಮಾಡುವುದಿಲ್ಲ, ಅಚ್ಚನ್ನು, ಟೈರನ್ನು ಗಟ್ಟಿ ಮಾಡುವುದಿಲ್ಲ. ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ ಹೆಚ್ಚು ಹೇರುವ ಧೈರ್ಯವನ್ನು ಮಾತ್ರ ಕೊಡುತ್ತದೆ. ಅದು ಕಳ್ಳ ಧೈರ್ಯ.

ತೊಟ್ಟಿಲು ನಿಲ್ಲಿಸುವ ಕೈ

ಶಾಕ್ ಅಬ್ಸಾರ್ಬರ್ ಎಂಬ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಏಟನ್ನು ಹೀರುವುದು ಸ್ಪ್ರಿಂಗಿನ ಕೆಲಸ. ತೊಟ್ಟಿಲನ್ನು ಒಮ್ಮೆ ತೂಗಿ ಬಿಟ್ಟರೆ ಎಷ್ಟೋ ಹೊತ್ತು ತೂಗುತ್ತಲೇ ಇರುತ್ತದೆ, ಅಲ್ಲವೇ? ಅಮ್ಮ ಕೈ ಇಟ್ಟು ಮೆಲ್ಲಗೆ ನಿಲ್ಲಿಸುತ್ತಾಳೆ. ಶಾಕ್ ಎಂದರೆ ಆ ಕೈ. ಒಂದು ಹಂಪು ದಾಟಿದ ಮೇಲೆ ಗಾಡಿ ಒಂದೇ ಸಲ ಎದ್ದು ಕೂರಬೇಕು. ಮೂರು ನಾಲ್ಕು ಸಲ ಕುಣಿದರೆ ಆ ಕೈ ಸತ್ತಿದೆ ಎಂದರ್ಥ.

ಸತ್ತ ಶಾಕಿನಿಂದ ಬರೀ ಸೊಂಟಕ್ಕೆ ಅಪಾಯ ಎಂದುಕೊಳ್ಳಬೇಡಿ. ಕುಣಿಯುವ ಚಕ್ರ ಅಷ್ಟು ಹೊತ್ತು ನೆಲವನ್ನು ಸರಿಯಾಗಿ ಒತ್ತುವುದಿಲ್ಲ. ನೆಲ ಬಿಟ್ಟ ಚಕ್ರ ಬ್ರೇಕೂ ಹಿಡಿಯುವುದಿಲ್ಲ, ತಿರುಗುವುದೂ ಇಲ್ಲ. ಆದರೂ ನಮ್ಮ ಬಾಡಿಗೆ ಗಾಡಿಗಳಲ್ಲಿ ಎಣ್ಣೆ ಸೋರಿ ಒಣಗಿದ ಶಾಕು ವರ್ಷಗಟ್ಟಲೆ ಹಾಗೇ ನೇತಾಡುತ್ತಿರುತ್ತದೆ. ಇಂಜಿನ್ ಆಯಿಲ್ ಬದಲಿಸುವವರು ಶಾಕು ಬದಲಿಸುವುದಿಲ್ಲ. ಇಂಜಿನ್ ಕೆಟ್ಟರೆ ಮಾಲೀಕನ ದುಡ್ಡು ಹೋಗುತ್ತದೆ. ಶಾಕ್ ಕೆಟ್ಟರೆ ಹೋಗುವುದು ಹಿಂದೆ ಕೂತವರ ಬೆನ್ನು.

ಸರಿಯಾದ ದಾರಿ ಯಾವುದು

ಆವತ್ತು ಗ್ಯಾರೇಜಿನಲ್ಲಿ ಇನ್ನೊಬ್ಬರು ಹಿರಿಯ ಮೇಸ್ತ್ರಿ ಇದ್ದರು. ಅವರು ಪ್ಲೇಟಿನ ಮಾತನ್ನು ಅಲ್ಲೇ ತಡೆದರು. "ಮೊದಲು ತೂಕ ಮಾಡಿಸ್ಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದರು. ಅವರು ಹೇಳಿದ ಕ್ರಮವನ್ನು ಇಲ್ಲಿ ಬರೆಯುತ್ತೇವೆ. ಮೋಟಾರ್ ಮನೆಗೆ ಹೇಳಿದ್ದು, ಆದರೆ ಊರಿನ ಯಾತ್ರೆ ಗಾಡಿಗೂ ತರಕಾರಿ ಟೆಂಪೋಗೂ ಹಾಗೇ ಹೊಂದುತ್ತದೆ.

ಒಂದು, ತೂಕ. ನೀರು, ಗ್ಯಾಸ್, ಜನ ಎಲ್ಲವನ್ನೂ ತುಂಬಿಸಿ ವೇ ಬ್ರಿಡ್ಜ್‌ಗೆ ಹೋಗಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಪೂರಾ ಗಾಡಿಯದ್ದು ಒಂದು ತೂಕ. ಕಳೆದರೆ ಹಿಂದಿನದು ಸಿಕ್ಕಿತು. ಆರ್‌ಸಿಯಲ್ಲಿ ಬರೆದ ತೂಕ ದಾಟಿದ್ದರೆ ಇಳಿಸುವುದೇ ಮದ್ದು, ಬೇರೆ ಯಾವ ಸಾಮಾನೂ ಅಲ್ಲ.

ಎರಡು, ಭಾರದ ಜಾಗ. ಭಾರದ್ದೆಲ್ಲ ಕೆಳಗೆ, ಎರಡು ಅಚ್ಚುಗಳ ನಡುವೆ. ನೀರಿನ ಟ್ಯಾಂಕು ಎಡಕ್ಕಾದರೆ ಬ್ಯಾಟರಿ ಬಲಕ್ಕೆ.

ಮೂರು, ಟೈರಿನ ಗಾಳಿ. ಟೈರು ಕೂಡ ಒಂದು ಸ್ಪ್ರಿಂಗೇ. ಭಾರಕ್ಕೆ ತಕ್ಕ ಗಾಳಿ ಇರಲಿ. ಕಲ್ಲಿನ ಹಾಗೆ ತುಂಬಿದರೆ ಕುಲುಕುತ್ತದೆ, ಕಡಿಮೆ ಮಾಡಿದರೆ ಬಿಸಿಯಾಗಿ ಸಿಡಿಯುತ್ತದೆ.

ನಾಲ್ಕು, ಸವೆದದ್ದನ್ನು ಬದಲಿಸಿ. ಪ್ಲೇಟಿನ ಕಣ್ಣಿನಲ್ಲಿರುವ ಬುಷ್ಷು, ಸೆಂಟರ್ ಬೋಲ್ಟು, ಯು-ಬೋಲ್ಟು, ಶ್ಯಾಕಲ್ ಪಿನ್ನು. ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡ ಪ್ಲೇಟುಗಳು ಜಾರುವುದಿಲ್ಲ. ಬಿಚ್ಚಿ ತೊಳೆದು ಕೂರಿಸಿದರೆ ಎಷ್ಟೋ ಗಾಡಿ ಅಲ್ಲಿಗೇ ಸರಿಹೋಗುತ್ತದೆ.

ಐದು, ಹೊಸ ಶಾಕು. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಆರು, ಓಲಾಟಕ್ಕೆ ಸ್ಟೆಬಿಲೈಜರ್ ರಾಡು. ಎಡಬಲ ಚಕ್ರಗಳನ್ನು ಜೋಡಿಸುವ ಈ ತಿರುಚು ಕಂಬಿ ಗಾಡಿ ವಾಲಿದಾಗ ಎಳೆದು ಹಿಡಿಯುತ್ತದೆ. ಎರಡೂ ಚಕ್ರ ಒಟ್ಟಿಗೆ ಹಂಪು ಹತ್ತಿದಾಗ ಸುಮ್ಮನಿರುತ್ತದೆ. ಅಂದರೆ ಗಾಡಿಯನ್ನು ಬಿಗಿ ಮಾಡದೆಯೇ ಓಲಾಟ ಕಡಿಮೆ ಮಾಡುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ ಕೊನೆಗೆ ಗಾಳಿ. ಪ್ಲೇಟಿನ ಜೊತೆಗೆ ರಬ್ಬರಿನ ಗಾಳಿ ಚೀಲ ಕೂರಿಸುವುದು, ಅಥವಾ ಪೂರ್ತಿ ಏರ್ ಸಸ್ಪೆನ್ಶನ್. ಗಾಡಿಯ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಆದ್ದರಿಂದ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ವಿಮೆಯವರು ಆಮೇಲೆ ಕೈ ಎತ್ತದಂತೆ ಅದೊಂದು ಕಾಗದ ಇರಲಿ.

ಬಸವನಗುಡಿಯವರು ಇದನ್ನೆಲ್ಲ ಬರೆದುಕೊಂಡು ಹೋದರು. ಅವರ ಗಾಡಿ ಸರಿಹೋಗುತ್ತದೆ, ನಮಗೆ ಅನುಮಾನವಿಲ್ಲ.

ಗಾಳಿ ಯಾರಿಗೆ ಬೇಕು, ಯಾರಿಗೆ ಸಿಕ್ಕಿದೆ

ನಮ್ಮ ತಕರಾರು ಶುರುವಾಗುವುದು ಇಲ್ಲಿಂದ.

ಮೋಟಾರ್ ಮನೆಯ ಭಾರ ದಿನವೂ ಒಂದೇ. ಮಂಚ, ಒಲೆ, ಟ್ಯಾಂಕು ಇಳಿದು ಹೋಗುವುದಿಲ್ಲ. ಆದ್ದರಿಂದ ಆ ಭಾರಕ್ಕೆ ತಕ್ಕ ಒಂದು ಸರಿಯಾದ ಸ್ಪ್ರಿಂಗು, ಒಳ್ಳೆಯ ಶಾಕು ಸಾಕು.

ಊರಿನ ಬಸ್ಸನ್ನು ನೋಡಿ. ಬೆಳಗ್ಗೆ ನೈಟ್ ಹಾಲ್ಟ್‌ನಿಂದ ಹೊರಡುವಾಗ ನಾಲ್ಕು ಜನ. ಮೂರು ಊರು ದಾಟುವಷ್ಟರಲ್ಲಿ ಕಾಲೇಜಿನ ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಸಂತೆಗೆ ಹೊರಟ ಮೂಟೆ, ಫುಟ್‌ಬೋರ್ಡಿನವರೆಗೆ ಜನ. ಪ್ಲೇಟಿನ ಸ್ಪ್ರಿಂಗನ್ನು ತುಂಬಿದ ಬಸ್ಸಿಗೆ ತಕ್ಕಂತೆ ಬಿಗಿಯಾಗಿ ಮಾಡಿರುತ್ತಾರೆ, ಇಲ್ಲದಿದ್ದರೆ ಕುಸಿಯುತ್ತದೆ. ಅದೇ ಬಸ್ಸು ಖಾಲಿ ಇದ್ದಾಗ ಆ ಬಿಗಿ ಅತಿಯಾಗುತ್ತದೆ. ಹಿಂದಿನ ಅಚ್ಚಿನ ಮೇಲಿನ ಭಾರ ಅರ್ಧಕ್ಕೆ ಇಳಿದರೆ ಅದುರು ಒಂದೂಕಾಲಿಗಿಂತ ಹೆಚ್ಚು, ಹತ್ತಿರಹತ್ತಿರ ಒಂದೂವರೆ ಪಟ್ಟಾಗುತ್ತದೆ. ಖಾಲಿ ಬಸ್ಸು ಏಕೆ ಅಷ್ಟು ಕುಣಿಯುತ್ತದೆ ಎಂಬುದಕ್ಕೆ ಉತ್ತರ ಇದೇ.

ಏರ್ ಸಸ್ಪೆನ್ಶನ್ ಹುಟ್ಟಿದ್ದೇ ಇಂಥ ಗಾಡಿಗೆ. ಜನ ಹತ್ತಿದಂತೆ ಚೀಲಕ್ಕೆ ಗಾಳಿ ತುಂಬುತ್ತದೆ, ಇಳಿದಂತೆ ಗಾಳಿ ಹೊರಬೀಳುತ್ತದೆ. ನಾಲ್ಕು ಜನ ಇರಲಿ, ನಲವತ್ತು ಜನ ಇರಲಿ, ಬಸ್ಸಿನ ಎತ್ತರವೂ ಹೆಚ್ಚುಕಡಿಮೆ ಒಂದೇ, ತೂಗಾಟವೂ ಒಂದೇ.

ಈಗ ಹೇಳಿ, ನಮ್ಮ ರಾಜ್ಯದಲ್ಲಿ ಈ ಗಾಳಿ ಮೊದಲು ಸಿಕ್ಕಿದ್ದು ಯಾರಿಗೆ? ಬೆಂಗಳೂರಿನಿಂದ ಹೈವೇಯಲ್ಲಿ ಓಡುವ ಐರಾವತ ವೋಲ್ವೋಗೆ. ಸೀಟು ಎಣಿಸಿ ಟಿಕೆಟ್ ಕೊಡುವ, ನಿಂತು ಹೋಗುವವರೇ ಇಲ್ಲದ, ನುಣುಪಾದ ರಸ್ತೆಯಲ್ಲಿ ಓಡುವ ಬಸ್ಸಿಗೆ. ಹಳ್ಳಿಗೆ ಬರುವ ಸಾಮಾನ್ಯ ಬಸ್ಸುಗಳಲ್ಲಿ ಹೆಚ್ಚಿನವು ಇಂದಿಗೂ ಪ್ಲೇಟಿನ ಮೇಲೆ ಓಡುತ್ತವೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಅದನ್ನು ನಾವು ಮನಸಾರೆ ಸ್ವಾಗತಿಸಿದವರು, ಇವತ್ತಿಗೂ ಅದರ ಪರವೇ. ಆದರೆ ಆ ಉಚಿತ ಟಿಕೆಟ್ ನಡೆಯುವುದು ಸಾಮಾನ್ಯ ಬಸ್ಸಿನಲ್ಲಿ, ಐಷಾರಾಮಿ ಬಸ್ಸಿನಲ್ಲಿ ಅಲ್ಲ. ಅಂದರೆ ರಾಜ್ಯದ ಅತಿ ಹೆಚ್ಚು ಹೆಂಗಸರು ಇವತ್ತು ಓಡಾಡುತ್ತಿರುವುದು ಆ ಪ್ಲೇಟಿನ ಬಸ್ಸುಗಳಲ್ಲೇ. ಟಿಕೆಟ್ ಬೆಲೆ ಸೊನ್ನೆ ಎಂದರೆ ಸೊಂಟದ ಬೆಲೆಯೂ ಸೊನ್ನೆಯೇ?

ಹಿಂದಿನ ಸೀಟು

ನಮ್ಮ ತಂಡದ ಒಬ್ಬಳ ತಾಯಿಗೆ ಬೆಂಗಳೂರಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಡಿಸ್ಚಾರ್ಜ್ ಆದ ದಿನ ಕಲಾಸಿಪಾಳ್ಯದಲ್ಲಿ ಊರಿನ ಕಡೆಯ ಬಸ್ಸು ಹತ್ತಿದರು. ಸಿಕ್ಕಿದ್ದು ಕಟ್ಟಕಡೆಯ ಸಾಲು. ಹೊಟ್ಟೆಗೆ ಸೆರಗು ಬಿಗಿದು ಕಟ್ಟಿಕೊಂಡು, ಮುಂದಿನ ಸೀಟಿನ ಕಂಬಿ ಹಿಡಿದು, ಪ್ರತಿ ಹಂಪಿಗೂ ಅವರು ಅರ್ಧ ಎದ್ದು ನಿಲ್ಲುತ್ತಿದ್ದರಂತೆ. ತಮ್ಮ ಕಾಲುಗಳನ್ನೇ ಸ್ಪ್ರಿಂಗು ಮಾಡಿಕೊಂಡು ಎರಡೂವರೆ ಗಂಟೆ. ಊರಿಗೆ ಬಂದ ಮೇಲೆ ಅವರು ಬಸ್ಸನ್ನು ಬೈಯಲಿಲ್ಲ. "ನಾನೇ ಮುಂದೆ ಓಡಿಹೋಗಿ ಸೀಟು ಹಿಡೀಬೇಕಿತ್ತು" ಎಂದರು. ಹೊಟ್ಟೆಯಲ್ಲಿ ಹೊಲಿಗೆ ಇರುವ ಹೆಂಗಸು ಓಡಿಹೋಗಿ ಸೀಟು ಹಿಡಿಯಬೇಕಿತ್ತಂತೆ.

ಹಿಂದಿನ ಸಾಲು ಯಾಕೆ ಅಷ್ಟು ಕುಲುಕುತ್ತದೆ? ಅದು ಹಿಂದಿನ ಚಕ್ರದಿಂದ ಆಚೆಗೆ ಚಾಚಿಕೊಂಡಿರುತ್ತದೆ. ನಿಯಮದ ಪ್ರಕಾರ ಬಸ್ಸಿನ ಹಿಂಚಾಚು ಎರಡು ಅಚ್ಚುಗಳ ನಡುವಿನ ಅಂತರದ ಶೇಕಡಾ 60ರವರೆಗೂ ಇರಬಹುದು. ಏತದ ಮರದ ತುದಿಯ ಹಾಗೆ, ಚಕ್ರ ಗೇಣುದ್ದ ಎದ್ದರೆ ಅಲ್ಲಿ ಕೂತವರು ಅದಕ್ಕಿಂತ ಹೆಚ್ಚು ಏಳುತ್ತಾರೆ. ಅದಕ್ಕೇ ಗರ್ಭಿಣಿಯರು, ಆಪರೇಷನ್ ಆದವರು, ಬೆನ್ನುನೋವಿನವರು ಎರಡು ಚಕ್ರಗಳ ನಡುವಿನ ಸೀಟಿನಲ್ಲಿ ಕೂರಬೇಕು. ಕಂಡಕ್ಟರ್ ಅಣ್ಣಂದಿರೇ, ಅಂಥವರು ಹತ್ತಿದರೆ ಮಧ್ಯದ ಸೀಟಿನಲ್ಲಿ ಕೂತ ಹುಡುಗರನ್ನು ಎಬ್ಬಿಸಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

124ರ ಪಕ್ಕದಲ್ಲೇ 125

ಆಂಬುಲೆನ್ಸಿನ ಮಾತಿಗೆ ಬರೋಣ. ಕೇಂದ್ರ ಸರ್ಕಾರ ಗಾಡಿಗಳಿಗೆ ಮಾನದಂಡಗಳನ್ನು ಮಾಡಿದೆ. ಮೋಟಾರ್ ಮನೆಗಳದ್ದು ಎಐಎಸ್-124. ಅದರ ಮುಂದಿನ ಸಂಖ್ಯೆ, ಎಐಎಸ್-125, ಆಂಬುಲೆನ್ಸಿನದು. ಕಾಗದದ ಮೇಲೆ ಅಕ್ಕಪಕ್ಕದ ಮನೆಯವರು. ರಸ್ತೆಯ ಮೇಲೆ ಒಬ್ಬರಿಗೆ ಮಾತ್ರ ಜೆ.ಸಿ. ರಸ್ತೆಯ ಆರೈಕೆ.

2008ರ ನವೆಂಬರ್‌ನಲ್ಲಿ ಆರೋಗ್ಯ ಕವಚ 108 ಬಂದಾಗ ಹಳ್ಳಿಗೆ ಆದ ಉಪಕಾರ ಸಣ್ಣದಲ್ಲ. ಅದಕ್ಕೂ ಮೊದಲು ಹೆರಿಗೆ ನೋವಿನವರನ್ನು ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ, ಲಗೇಜ್ ಆಟೋದಲ್ಲಿ ಸಾಗಿಸಿದ ಕಥೆ ಪ್ರತಿ ಊರಿನಲ್ಲೂ ಇದೆ. ಆದರೆ ಆಂಬುಲೆನ್ಸ್ ಬಂತು ಎಂದ ಮಾತ್ರಕ್ಕೆ ಮುಂದಿನ ಪ್ರಶ್ನೆ ಕೇಳಬಾರದೇ?

ಕೂತವರಿಗೆ ಕಾಲಿದೆ, ಕೈಯಿದೆ, ಕಂಬಿಯಿದೆ. ಮಲಗಿದವರಿಗೆ ಏನೂ ಇಲ್ಲ. ತೊಡೆಮೂಳೆ ಮುರಿದವರು, ಬೆನ್ನುಮೂಳೆಗೆ ಪೆಟ್ಟಾದವರು, ನೋವು ಬರುತ್ತಿರುವ ಹೆಂಗಸರು, ಪ್ರತಿ ಏಟನ್ನೂ ಪೂರಾ ಮೈಯಲ್ಲಿ ತಿನ್ನುತ್ತಾರೆ. ಪಕ್ಕದಲ್ಲಿ ಕೂತ ಸಿಬ್ಬಂದಿ ಆ ಕುಲುಕಾಟದಲ್ಲೇ ಸೂಜಿ ಹಾಕಬೇಕು, ಬಿಪಿ ನೋಡಬೇಕು.

ಡ್ರೈವರ್ ಮುಂದೆ ಎರಡೇ ದಾರಿ. ವೇಗವಾಗಿ ಹೋದರೆ ರೋಗಿ ಕೂಗುತ್ತಾರೆ. ನಿಧಾನವಾಗಿ ಹೋದರೆ ಹೊತ್ತು ಮೀರುತ್ತದೆ. ಒಳ್ಳೆಯ ಸಸ್ಪೆನ್ಶನ್ ಎಂದರೆ ಆಂಬುಲೆನ್ಸಿನಲ್ಲಿ ಸುಖದ ಮಾತಲ್ಲ, ನಿಮಿಷಗಳ ಮಾತು. ಅದೇ ಗುಂಡಿಯ ರಸ್ತೆಯಲ್ಲಿ ಇನ್ನಷ್ಟು ಬೇಗ ಹೋಗಬಹುದು. ವಿಕ್ಟೋರಿಯಾ ಆಸ್ಪತ್ರೆ 1900ರಿಂದ ಇದೆ, ವಾಣಿವಿಲಾಸ 1935ರಿಂದ. ನಮ್ಮ ಅಜ್ಜಿಯರ ಕಾಲದಿಂದ ಹಳ್ಳಿಯ ಜನ ಆ ಗೇಟಿಗೆ ಬರುತ್ತಲೇ ಇದ್ದಾರೆ. ಗೇಟಿನ ಒಳಗೆ ವೈದ್ಯ ಎಷ್ಟು ಮುಂದುವರಿದಿದ್ದರೂ ಗೇಟಿನವರೆಗಿನ ದಾರಿ ಪ್ಲೇಟಿನ ಮೇಲೆಯೇ ನಿಂತಿದೆ.

ನಮಗೆ ಬರುವ ಉತ್ತರಗಳು

"ರಸ್ತೆ ಸರಿ ಮಾಡಿ, ಸ್ಪ್ರಿಂಗು ತಾನಾಗಿ ಸರಿಹೋಗುತ್ತೆ." ರಸ್ತೆ ಆಗಲಿ, ಅದಕ್ಕೂ ನಾವು ಬರೆಯುತ್ತಲೇ ಇದ್ದೇವೆ. ಹಂಪಿಗೂ ಲೆಕ್ಕವಿದೆ: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮೂರ ಯುವಕರು ಅಪಘಾತವಾದ ಮರುದಿನ ಒಂದು ಬಾಂಡ್ಲಿ ಕಾಂಕ್ರೀಟಿನಲ್ಲಿ ಕಟ್ಟುವ ಒಂದಡಿ ಅಗಲದ ದಿಣ್ಣೆ ಹಂಪಲ್ಲ, ಅದು ಗೋಡೆ. ಅದನ್ನು ಕಟ್ಟಿದವರೂ ಈ ಪಾಪದಲ್ಲಿ ಪಾಲುದಾರರು. ಆದರೆ ರಸ್ತೆ ಸರಿಯಾಗುವವರೆಗೆ ಕಾಯಿರಿ ಎನ್ನುವುದು, ಮಳೆ ನಿಲ್ಲುವವರೆಗೆ ಕೊಡೆ ಕೊಡುವುದಿಲ್ಲ ಎಂದ ಹಾಗೆ. ಕೆಟ್ಟ ರಸ್ತೆಗೇ ಅಲ್ಲವೇ ಒಳ್ಳೆಯ ಸ್ಪ್ರಿಂಗು ಬೇಕಾಗಿರುವುದು?

"ಗಾಳಿ ಚೀಲ ಹಳ್ಳಿ ರಸ್ತೆಯಲ್ಲಿ ತಡೆಯಲ್ಲ, ದುಬಾರಿ." ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಒಪ್ಪುತ್ತೇವೆ. ಚೀಲ ಕಲ್ಲಿಗೆ ಹರಿಯಬಹುದು, ವಾಲ್ವು ಧೂಳಿಗೆ ಕೆಡಬಹುದು, ಡಿಪೋದಲ್ಲಿ ಕೆಲಸ ಗೊತ್ತಿರುವವರು ಬೇಕು. ಆದರೆ ದೊಡ್ಡ ಬಸ್ಸಿನ ಬ್ರೇಕೇ ಗಾಳಿಯದ್ದು. ಕಂಪ್ರೆಸರು, ಟ್ಯಾಂಕು ಆಗಲೇ ಬಸ್ಸಿನಲ್ಲಿ ಕೂತಿವೆ. ಒಂದು ವೇಳೆ ಪೂರ್ತಿ ಗಾಳಿ ಕಷ್ಟ ಎಂದಾದರೆ ನಡುವಿನ ದಾರಿಯೂ ಇದೆ. ನಡುವೆ ದಪ್ಪ, ತುದಿಗೆ ತೆಳುವಾಗುವ ಪ್ಯಾರಾಬೋಲಿಕ್ ಪ್ಲೇಟು ಬಂದು ಎಷ್ಟೋ ಕಾಲವಾಯಿತು. ಹತ್ತು ಪ್ಲೇಟಿನ ಕೆಲಸವನ್ನು ಎರಡು ಮೂರು ಮಾಡುತ್ತವೆ, ಒಂದಕ್ಕೊಂದು ಉಜ್ಜಿ ಕಚ್ಚಿಕೊಳ್ಳುವುದಿಲ್ಲ. ಅದೂ ಆಗುವುದಿಲ್ಲ ಎಂದರೆ ಸತ್ತ ಶಾಕನ್ನಾದರೂ ಬದಲಿಸಿ. ಅದಕ್ಕೆ ದುಡ್ಡಿಲ್ಲ ಎಂದು ಯಾರಾದರೂ ಹೇಳಿದರೆ ನಾವು ನಂಬುವುದಿಲ್ಲ.

"ಹಳ್ಳಿಯವರಿಗೆ ಅಭ್ಯಾಸ ಆಗಿದೆ." ಎಲ್ಲಕ್ಕಿಂತ ಕೆಟ್ಟ ಉತ್ತರ ಇದು, ಇದನ್ನು ಹೆಚ್ಚಾಗಿ ಹೇಳುವವರೂ ನಾವೇ. ಬಸವನಗುಡಿಯ ಪರಿಷೆಗೆ ಹಿಂದೆ ಎತ್ತಿನ ಗಾಡಿಯಲ್ಲಿ ಕಡಲೆಕಾಯಿ ಬರುತ್ತಿತ್ತು. ಆ ಗಾಡಿಗೆ ಸ್ಪ್ರಿಂಗೇ ಇರಲಿಲ್ಲ, ಬೇಕೂ ಇರಲಿಲ್ಲ. ಕಡಲೆಕಾಯಿ ಮೂಟೆಗೆ ಸೊಂಟವಿಲ್ಲ. ನಮಗಿದೆ.

ಏನು ಮಾಡೋಣ

ಸರ್ಕಾರವನ್ನು ನಾವು ಕೇಳುವುದು ಮೂರು ಮಾತು. ಆಂಬುಲೆನ್ಸ್ ಕೊಳ್ಳುವ ಟೆಂಡರಿನಲ್ಲಿ ರೋಗಿ ಮಲಗುವ ಜಾಗದ ಅದುರನ್ನು ಹಳ್ಳಿ ರಸ್ತೆಯಲ್ಲೇ ಓಡಿಸಿ ಅಳೆಯಿರಿ, ಅಳತೆ ಮೀರಿದ ಗಾಡಿ ಕೊಳ್ಳಬೇಡಿ. ಹಳ್ಳಿಗೆ ಬಿಡುವ ಹೊಸ ಬಸ್ಸುಗಳಲ್ಲಿ ಹಿಂದಿನ ಅಚ್ಚಿಗಾದರೂ ಏರ್ ಸಸ್ಪೆನ್ಶನ್ ಕೊಡಿ. ಎಫ್‌ಸಿಗೆ ಬಂದ ಬಾಡಿಗೆ ಗಾಡಿಯ ಬಣ್ಣ ನೋಡುವಷ್ಟು ಹೊತ್ತು ಕೆಳಗೆ ಬಗ್ಗಿ ಅದರ ಶಾಕು, ಬುಷ್ಷು, ಪ್ಲೇಟು ನೋಡಿ.

ಗಾಡಿ ಇಟ್ಟುಕೊಂಡಿರುವ ಅಣ್ಣತಮ್ಮಂದಿರಿಗೆ ಒಂದೇ ಮಾತು. ಮುಂದಿನ ಸಲ ಗ್ಯಾರೇಜಿನಲ್ಲಿ "ಪ್ಲೇಟ್ ಜಾಸ್ತಿ ಹಾಕ್ಸಿ" ಎಂದರೆ ಬೇಡ ಎನ್ನಿ. ತೂಕ ಮಾಡಿಸಿ, ಶಾಕು ಬದಲಿಸಿ, ಕ್ಯಾರಿಯರ್ ಮೇಲಿನದ್ದನ್ನು ಕೆಳಗಿಳಿಸಿ. ನಿಮ್ಮ ಗಾಡಿಯಲ್ಲಿ ಕೂರುವವರು ನಿಮ್ಮ ಊರಿನವರೇ.

ಉಳಿದ ನಾವೆಲ್ಲ ಮಾಡಬೇಕಾದದ್ದು ಕೇಳುವುದು. ಗ್ರಾಮಸಭೆಯಲ್ಲಿ ಬಸ್ಸು ಬರಲಿಲ್ಲ ಎಂದು ಕೇಳುತ್ತೇವಲ್ಲ, ಹಾಗೆಯೇ ಬಂದ ಬಸ್ಸು ಹೇಗೆ ಬಂತು ಎಂದೂ ಕೇಳೋಣ. ಡಿಪೋ ಮ್ಯಾನೇಜರಿಗೆ ಬಸ್ಸಿನ ನಂಬರ್ ಹಾಕಿ ಒಂದು ಅರ್ಜಿ ಬರೆಯೋಣ: ಈ ಬಸ್ಸಿನ ಹಿಂದಿನ ಶಾಕು ಸತ್ತಿದೆ, ಬದಲಿಸಿ. ಹತ್ತು ಊರಿನಿಂದ ಹತ್ತು ಅರ್ಜಿ ಹೋದರೆ ಯಾರಾದರೂ ಒಬ್ಬರು ಬಗ್ಗಿ ನೋಡಲೇಬೇಕಾಗುತ್ತದೆ.

ಬಸವನಗುಡಿಯವರು ತಮ್ಮ ಗಾಡಿಯನ್ನು ಗ್ಯಾರೇಜಿಗೆ ತಂದು, ನನ್ನ ಹೆಂಡತಿಗೆ ಸೊಂಟ ನೋವು ಎಂದು ನಾಚಿಕೆಯಿಲ್ಲದೆ ಹೇಳಿದರು. ಅವರು ಮಾಡಿದ್ದು ಸರಿ. ನಮ್ಮ ಅಮ್ಮಂದಿರಿಗೂ ಸೊಂಟ ನೋವಿದೆ. ನಾವೂ ಹೇಳೋಣ.